ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ಆದರೂ ಟಿಎಸ್‌ಎಚ್ 11.8. ಎಲ್ಲಿ ಎಡವಿದೆ?

ಕಾಫಿತೋಟ (ಸೋಮವಾರ, ರಾತ್ರಿ 9:12)

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನವಳು, ವಯಸ್ಸು 41, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮೂರು ವರ್ಷದಿಂದ ಥೈರಾಯ್ಡ್ ಮಾತ್ರೆ ನಡೀತಾ ಇದೆ, 75ರದ್ದು. ಹೋದ ವರ್ಷ ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 3.2 ಇತ್ತು, ಸರಿಯಾಗೇ ಇತ್ತು. ಮೊನ್ನೆ ಮಾಡಿಸಿದರೆ 11.8.

ಎರಡು ಮೂರು ತಿಂಗಳಿಂದ ಮೈ ಯಾಕೋ ಭಾರ. ನಾಲ್ಕನೇ ಪೀರಿಯಡ್ ಹೊತ್ತಿಗೆ ಬೋರ್ಡ್ ಮೇಲೆ ಕೈ ಎತ್ತಿ ಬರೆಯೋದೇ ಬೇಡ ಅನ್ನಿಸುತ್ತದೆ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಕಾಲಿನ ಚರ್ಮ ಉಗುರು ಎಳೆದರೆ ಬಿಳಿ ಗೆರೆ ಬೀಳುವಷ್ಟು ಒಣಗಿದೆ. ಡಾಕ್ಟರ್ ರಿಪೋರ್ಟ್ ನೋಡಿ 100ಕ್ಕೆ ಏರಿಸಿ ಬರೆದುಕೊಟ್ಟರು. ಹೊರಗೆ ಸಾಲು ಇತ್ತು, ನಾನೂ ಏನೂ ಕೇಳದೆ ಎದ್ದು ಬಂದೆ.

ಮಾತ್ರೆ ಒಂದು ದಿನವೂ ಬಿಟ್ಟಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದ ತಕ್ಷಣ, ಖಾಲಿ ಹೊಟ್ಟೆಯಲ್ಲೇ. ಮತ್ತೆ ಯಾಕೆ ಹೀಗೆ? ಪಕ್ಕದ ಮನೆಯವರು ಎಲೆಕೋಸು ತಿಂದಿದ್ದಕ್ಕೇ ಅಂತಾರೆ. 100ರ ಡಬ್ಬಿ ಇನ್ನೂ ಒಡೆದಿಲ್ಲ.

ಬೆಣ್ಣೆದೋಸೆ (9:20)

ಮೇಡಂ, ಮಾತ್ರೆ ಆದಮೇಲೆ ಕಾಫಿಗೆ ಎಷ್ಟು ಹೊತ್ತು ಬಿಡ್ತೀರಿ? ನಮ್ಮ ಮನೆಯವರಿಗೂ ಇದೇ ಆಗಿತ್ತು, ಅದಕ್ಕೆ ಕೇಳಿದೆ.

ಕಾಫಿತೋಟ (9:31)

ಐದು ನಿಮಿಷ? ನಿಜ ಹೇಳಬೇಕು ಅಂದರೆ ಅಷ್ಟೂ ಇರಲ್ಲ. ನಮ್ಮತ್ತೆ ಐದಕ್ಕೇ ಎದ್ದು ಫಿಲ್ಟರ್‌ಗೆ ಪುಡಿ ಹಾಕಿರುತ್ತಾರೆ. ನಾನು ಮಾತ್ರೆ ನುಂಗಿ ನೀರಿನ ಲೋಟ ಕೆಳಗಿಡೋಷ್ಟರಲ್ಲಿ ಕಾಫಿ ಲೋಟ ಕೈಗೆ ಬಂದಿರುತ್ತದೆ. ಅವರು ಸ್ವೆಟರ್ ಹಾಕಿಕೊಂಡು ಒಲೆ ಪಕ್ಕ ನಿಂತಿರ್ತಾರೆ, ನಾನು ಬಾಗಿಲ ಹತ್ತಿರ. ಇಬ್ಬರೂ ಮಾತಾಡೋಕೆ ಸಿಗೋದು ಆ ಹತ್ತು ನಿಮಿಷ ಮಾತ್ರ. ಆದರೆ ಮೂರು ವರ್ಷದಿಂದ ಹೀಗೇ ನಡೆದಿದೆಯಲ್ಲ, ಹೋದ ವರ್ಷ ಸರಿ ಇತ್ತಲ್ಲ?

ಔಷಧಿ ಅಂಗಡಿ (9:48)

ನಾನು ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟು 22 ವರ್ಷ ಆಯ್ತು. ದಿನಕ್ಕೆ ಒಬ್ಬರಿಗಾದರೂ ಇದನ್ನು ಹೇಳ್ತೀನಿ.

75 ಅಂದರೆ 75 ಮೈಕ್ರೋಗ್ರಾಂ. ಒಂದು ಗ್ರಾಂ ಅನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ 75 ಪಾಲು. ಮಾತ್ರೆಯಲ್ಲಿ ಉಳಿದದ್ದೆಲ್ಲ ಬರೀ ಪುಡಿ, ಕೈಗೆ ಸಿಗಲಿ ಅಂತ. ಖಾಲಿ ಹೊಟ್ಟೆಯಲ್ಲಿ ತಗೊಂಡರೂ ನೂರಕ್ಕೆ 60ರಿಂದ 80 ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ. ಅದರಲ್ಲಿ ಕಾಫಿ ಇನ್ನಷ್ಟು ಕಿತ್ತುಕೊಂಡರೆ ಉಳಿಯೋದೇನು? ಮಾತ್ರೆ ತಗೊಂಡು ಅರ್ಧ ಗಂಟೆ, ಆದರೆ ಒಂದು ಗಂಟೆ, ನೀರು ಬಿಟ್ಟು ಬೇರೆ ಏನೂ ಬೇಡ. ಹಾಲು, ಟೀ, ಬಿಸ್ಕತ್ತು ಯಾವುದೂ.

ಆದರೆ ನಿಮ್ಮ ಪ್ರಶ್ನೆ ಸರಿಯಾಗಿದೆ. ಕಾಫಿ ಮೂರು ವರ್ಷದಿಂದ ಇದೆ, ಎಡವಟ್ಟು ಈಗ ಬಂದಿದೆ. ಈ ಒಂದು ವರ್ಷದಲ್ಲಿ ಹೊಸದಾಗಿ ಯಾವುದಾದರೂ ಮಾತ್ರೆ ಶುರು ಮಾಡಿದ್ರಾ? ಕಬ್ಬಿಣಾಂಶದ್ದು, ಕ್ಯಾಲ್ಸಿಯಂ, ಗ್ಯಾಸ್ ಮಾತ್ರೆ?

ಕಾಫಿತೋಟ (9:55)

ಅಯ್ಯೋ. ಮಂಡಿನೋವು ಅಂತ ಹೋಗಿದ್ದೆ. ಅಕ್ಟೋಬರ್‌ನಿಂದ ಕ್ಯಾಲ್ಸಿಯಂ ತಗೊಳ್ತಿದ್ದೀನಿ. ಏಳು ಗಂಟೆಗೆ, ತಿಂಡಿ ಜೊತೆ.

ಔಷಧಿ ಅಂಗಡಿ (9:58)

ಸಿಕ್ಕಿಬಿತ್ತು ನೋಡಿ. ಐದೂವರೆಗೆ ಇದು, ಏಳಕ್ಕೆ ಅದು. ಒಂದೂವರೆ ಗಂಟೆ ಸಾಲದು. ಕ್ಯಾಲ್ಸಿಯಂ ಆಗಲಿ, ಕಬ್ಬಿಣಾಂಶದ ಮಾತ್ರೆ ಆಗಲಿ, ಕರುಳಿನಲ್ಲೇ ಥೈರಾಯ್ಡ್ ಮಾತ್ರೆಯನ್ನು ಹಿಡಿದುಕೊಂಡುಬಿಡುತ್ತವೆ. ರಕ್ತಕ್ಕೆ ಹೋಗೋಕೆ ಬಿಡಲ್ಲ. ನಡುವೆ 4 ಗಂಟೆ ಬೇಕೇ ಬೇಕು. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೋ ರಾತ್ರಿಗೋ ಹಾಕಿಕೊಳ್ಳಿ. ಗ್ಯಾಸ್ಟ್ರಿಕ್‌ಗೆ ಅಂತ ದಿನಾ ತಗೊಳ್ಳೋ ಮಾತ್ರೆಗಳೂ ಇದನ್ನು ತಗ್ಗಿಸಬಹುದು.

ಸಿರಿಂಜ್ ಸೀನ (10:15)

ಲ್ಯಾಬ್‌ನಿಂದ ಒಂದು ಮಾತು. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುವವರು ಈಗ ಜಾಸ್ತಿ. ಅದು ಕೆಲವು ಮಷೀನ್‌ಗಳಲ್ಲಿ ಟಿಎಸ್‌ಎಚ್ ಅನ್ನು ಇರೋದಕ್ಕಿಂತ ಕಡಿಮೆ ತೋರಿಸುತ್ತದೆ. ಇಲ್ಲಿ ನಿಮ್ಮದು ಉಲ್ಟಾ, ಹಾಗಾಗಿ ಅದಲ್ಲ. ಆದರೂ ರಕ್ತ ಕೊಡೋಕೆ ಎರಡು ದಿನ ಮೊದಲು ಅದನ್ನು ನಿಲ್ಲಿಸಿ ಬನ್ನಿ.

ಇನ್ನೊಂದು, ಟಿಎಸ್‌ಎಚ್‌ಗೆ ಉಪವಾಸ ಬೇಕಿಲ್ಲ. ಸುಮ್ನೆ ಹಸಿದುಕೊಂಡು ಬಂದು ನಮ್ಮ ಬೆಂಚಿನ ಮೇಲೆ ತಲೆಸುತ್ತು ಅಂತ ಕೂರ್ತಾರೆ. ಆದರೆ ಪ್ರತಿ ಸಲ ಒಂದೇ ಹೊತ್ತಿಗೆ ಕೊಡಿ. ಅದು ಬೆಳಗಿನ ಜಾವ ಜಾಸ್ತಿ, ಮಧ್ಯಾಹ್ನ ಕಡಿಮೆ. ಟಿ4 (ಥೈರಾಯ್ಡ್ ಹಾರ್ಮೋನು ರಕ್ತದಲ್ಲಿ ಎಷ್ಟಿದೆ ಅನ್ನೋ ಪರೀಕ್ಷೆ) ಕೂಡ ಬರೆದಿದ್ದರೆ ಅವತ್ತಿನ ಮಾತ್ರೆಯನ್ನು ರಕ್ತ ಕೊಟ್ಟಮೇಲೆ ತಗೊಳ್ಳಿ.

ಅಜ್ಜಿಮದ್ದು (10:40)

ಇಷ್ಟೆಲ್ಲ ರಗಳೆ ಯಾಕಮ್ಮಾ? ಕೊತ್ತಂಬರಿ ಬೀಜ ರಾತ್ರಿ ನೆನೆಸಿ ಬೆಳಿಗ್ಗೆ ಕುದಿಸಿ ಕುಡಿಯಿರಿ. ಮೂರು ತಿಂಗಳಲ್ಲಿ ಮಾತ್ರೆ ಬಿಟ್ಟುಬಿಡಬಹುದು. ಇಂಗ್ಲಿಷ್ ಮದ್ದು ಒಮ್ಮೆ ಶುರುವಾದರೆ ಜೀವನಪೂರ್ತಿ ಗಂಟುಬೀಳುತ್ತದೆ.

ಹುಬ್ಬಳ್ಳಿ ಗಿರಮಿಟ್ (10:52)

ಅಜ್ಜಿ, ಕೊತ್ತಂಬರಿ ನೀರು ಕುಡೀರಿ, ಯಾರೂ ಬ್ಯಾಡ ಅನ್ನೂದಿಲ್ಲ. ಮಾತ್ರೆ ಬಿಡ್ರಿ ಅಂತ ಮಾತ್ರ ಹೇಳಬ್ಯಾಡ್ರಿ.

ನನ್ನ ನಾದಿನಿ ಹೀಗೇ ಯಾರೋ ಹೇಳಿದರು ಅಂತ ನಾಲ್ಕು ತಿಂಗಳು ಬಿಟ್ಟಿದ್ದಳು. ಮೊದಲ ಎರಡು ವಾರ ಏನೂ ಗೊತ್ತಾಗಲಿಲ್ಲ. "ನೋಡು, ಆರಾಮ ಇದ್ದೀನಿ" ಅಂದಳು. ಆಮೇಲೆ ದನಿ ಒಡೆಯಿತು. ಫೋನಿನಲ್ಲಿ ಮಾತಾಡಿದರೆ ಯಾರೋ ಗಂಡಸರು ಎತ್ತಿದರು ಅಂತ ಇಟ್ಟುಬಿಡುತ್ತಿದ್ದೆ. ಮುಖ ಊದಿಕೊಂಡಿತು, ಬೆಳಿಗ್ಗೆ ಕಣ್ಣುರೆಪ್ಪೆ ತೆರೆಯೋದೇ ಕಷ್ಟ. ಮುಟ್ಟು ನಿಲ್ಲದೆ ಹನ್ನೆರಡು ದಿನ. ಬಳೆ ಕೈಯಿಂದ ಇಳಿಯಲಿಲ್ಲ, ಸೋಪು ಹಚ್ಚಿ ತೆಗೆದೆವು. ಟಿಎಸ್‌ಎಚ್ 100ರ ಮೇಲೆ. ಕೊಲೆಸ್ಟ್ರಾಲೂ ಏರಿತ್ತು. ಮೊದಲಿನಂತಾಗಲು ಆರು ತಿಂಗಳು ಹಿಡಿಯಿತು.

ನಿವೃತ್ತ ಡಾಕ್ಟರ್ (ಮಂಗಳವಾರ, ಬೆಳಿಗ್ಗೆ 6:30)

ತಾಲ್ಲೂಕು ಆಸ್ಪತ್ರೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ಔಷಧಿ ಅಂಗಡಿಯವರು ಹೇಳಿದ್ದು ಸರಿ. ಸ್ವಲ್ಪ ಸೇರಿಸುತ್ತೇನೆ.

ನಮ್ಮ ಜನ "ನನಗೆ ಥೈರಾಯ್ಡ್ ಇದೆ" ಅನ್ನುತ್ತಾರೆ. ಥೈರಾಯ್ಡ್ ಎಲ್ಲರಿಗೂ ಇದೆ, ಗಂಟಲ ಮುಂದೆ ಚಿಟ್ಟೆ ಆಕಾರದ ಗ್ರಂಥಿ. ರಿಪೋರ್ಟ್‌ನಲ್ಲಿ 11.8 ನೋಡಿದವರು "ಥೈರಾಯ್ಡ್ ಜಾಸ್ತಿ ಆಗಿದೆ" ಅನ್ನುತ್ತಾರೆ. ಅದು ತಲೆಕೆಳಗು. ಟಿಎಸ್‌ಎಚ್ ಥೈರಾಯ್ಡ್‌ನಿಂದ ಬರುವುದೇ ಅಲ್ಲ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿಯಿಂದ ಬರುತ್ತದೆ. ಅಡುಗೆಮನೆಯಿಂದ ಅಮ್ಮ ಊಟಕ್ಕೆ ಕರೆಯುವ ಹಾಗೆ ಅದು. ಮಕ್ಕಳು ಬಂದರೆ ಒಂದೇ ಸಲ, ಮೆಲ್ಲಗೆ. ಬರದಿದ್ದರೆ ದನಿ ಏರುತ್ತದೆ. ಬೀದಿಗೆ ಕೇಳುವಷ್ಟು ಕೂಗುತ್ತಿದ್ದಾಳೆ ಅಂದರೆ ಮಕ್ಕಳು ಕದಲುತ್ತಿಲ್ಲ ಅಂತ. ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸು ಇರಬೇಕು. 11.8 ಅಂದರೆ ಹಾರ್ಮೋನು ಸಾಲುತ್ತಿಲ್ಲ, ಅಮ್ಮ ಕೂಗುತ್ತಿದ್ದಾಳೆ.

ಕಾಫಿ ವಿಷಯ ಬಾಯಿಮಾತಲ್ಲ. ಡೋಸು ಸರಿಯಿದ್ದರೂ ಟಿಎಸ್‌ಎಚ್ ಇಳಿಯದ ರೋಗಿಗಳನ್ನು ಇಟಲಿಯ ವೈದ್ಯರು ವಿಚಾರಿಸಿದಾಗ, ಅವರು ಮಾತ್ರೆಯನ್ನು ಎಸ್‌ಪ್ರೆಸೊ ಜೊತೆ ನುಂಗುತ್ತಿದ್ದರು. ಅದು 2008ರಲ್ಲಿ ಪ್ರಕಟವಾಯಿತು. ನಮ್ಮ ಫಿಲ್ಟರ್ ಡಿಕಾಕ್ಷನ್ ಏನೂ ಕಡಿಮೆಯದಲ್ಲ.

ಅಜ್ಜಿಮದ್ದು ಅವರೇ, ಮದ್ದು ಗಂಟುಬೀಳುವುದಲ್ಲ, ಕಾಯಿಲೆ ಗಂಟುಬಿದ್ದಿರುತ್ತದೆ. ಇದರಲ್ಲಿ ಹೆಚ್ಚಿನವು ದೇಹದ ಕಾವಲು ಪಡೆಯೇ ಗ್ರಂಥಿಯ ಮೇಲೆ ತಿರುಗಿಬೀಳುವುದರಿಂದ ಆಗುತ್ತವೆ. ಹಶಿಮೋಟೊ ಎಂಬ ಜಪಾನಿ ಸರ್ಜನ್ 1912ರಲ್ಲಿ ಇದನ್ನು ಮೊದಲು ವಿವರಿಸಿದರು, ಅವರದೇ ಹೆಸರು ನಿಂತಿದೆ. ಸವೆದುಹೋದ ಗ್ರಂಥಿ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ. ಅದು ಮಾಡಬೇಕಿದ್ದ ಹಾರ್ಮೋನನ್ನೇ, ಅಂದರೆ ಥೈರಾಕ್ಸಿನ್ ಅನ್ನೇ, ಹೊರಗಿನಿಂದ ಕೊಡುತ್ತೇವೆ.

ಮಾತ್ರೆ ಬಿಟ್ಟರೂ ಎರಡು ವಾರ ಆರಾಮ ಅನ್ನಿಸಿದ್ದಕ್ಕೆ ಕಾರಣ ಇದೆ. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಹಾಗಾಗಿ ಒಂದು ದಿನ ಮರೆತರೆ ಆಕಾಶ ಬೀಳುವುದಿಲ್ಲ. ಹಾಗೆಯೇ ಡೋಸು ಬದಲಿಸಿದ ಹತ್ತೇ ದಿನಕ್ಕೆ ರಕ್ತ ಕೊಟ್ಟರೆ ಏನೂ ತಿಳಿಯುವುದಿಲ್ಲ. 6ರಿಂದ 8 ವಾರ ಕಾಯಬೇಕು.

ಕಾಫಿತೋಟ ಅವರೇ, ಇದು ಮುಖ್ಯ. 100ಕ್ಕೂ ಏರಿಸಿ, ಕಾಫಿ ಕ್ಯಾಲ್ಸಿಯಂ ಎರಡನ್ನೂ ದೂರ ಇಟ್ಟರೆ ಮಾತ್ರೆ ಪೂರ್ತಿ ಮೈಗೆ ಹತ್ತಿ ಅತಿಯಾಗಬಹುದು. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಎರಡೂ ವಿಷಯ ಹೇಳಿ. ಡೋಸು ಅವರೇ ತೀರ್ಮಾನಿಸಲಿ.

ಕಾಫಿತೋಟ (ಸಂಜೆ 5:45)

ಫೋನ್ ಮಾಡಿದೆ. "ಇದನ್ನು ಅವತ್ತೇ ಹೇಳಬಾರದಿತ್ತೇನಮ್ಮಾ" ಅಂದರು. ನೀವೂ ಅವತ್ತೇ ಕೇಳಬಾರದಿತ್ತಾ ಅಂತ ಬಾಯಿ ತುದಿಗೆ ಬಂದಿತ್ತು. 75ರಲ್ಲೇ ಇರಲಿ, ಹೊತ್ತು ಸರಿಮಾಡಿಕೊಂಡು 8 ವಾರಕ್ಕೆ ರಕ್ತ ಕೊಡಿ ಅಂದರು. ಎಲೆಕೋಸಿನ ಪ್ರಶ್ನೆ ಹಾಗೇ ಉಳಿಯಿತು, ಡಾಕ್ಟರ್ ಸರ್.

ಸಜ್ಜೆರೊಟ್ಟಿ (6:02)

ಎಲೆಕೋಸಿನ ಜೊತೆ ನನ್ನದೂ ಒಂದು ಸೇರಿಸಿ. ಬಾಗಲಕೋಟೆ ಕಡೆಯವನು. ಸಜ್ಜೆ ತಿಂದರೆ ಗಳಗಂಡ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಿಡಬೇಕಾ?

ನಿವೃತ್ತ ಡಾಕ್ಟರ್ (8:10)

ಬಿಡಬೇಡಿ, ನನಗೂ ನಾಲ್ಕು ಕಳಿಸಿ.

ಎಲೆಕೋಸು, ಹೂಕೋಸು, ಸಜ್ಜೆಯಲ್ಲಿ ಗ್ರಂಥಿಯ ಕೆಲಸಕ್ಕೆ ಅಡ್ಡಬರುವ ಅಂಶ ಇರುವುದು ನಿಜ. ಸುಡಾನಿನ ಡಾರ್‌ಫರ್‌ನಂಥ ಕಡೆ, ನೀರು ಮಣ್ಣಿನಲ್ಲಿ ಅಯೋಡಿನ್ ಇಲ್ಲದೆ, ಹೊತ್ತಿಗೂ ಸಜ್ಜೆಯೇ ಊಟವಾಗಿದ್ದಲ್ಲಿ ಗಳಗಂಡದ ಜೊತೆ ಅದರ ನಂಟು ಕಂಡಿದೆ. ಅಯೋಡಿನ್ ಉಪ್ಪು ತಿನ್ನುವವರು ವಾರಕ್ಕೆ ಎರಡು ಸಲ ಬೇಯಿಸಿದ ಎಲೆಕೋಸು ಪಲ್ಯ ತಿಂದರೆ ಟಿಎಸ್‌ಎಚ್ 3ರಿಂದ 11ಕ್ಕೆ ಹಾರುವುದಿಲ್ಲ. ಹಸಿ ಎಲೆಕೋಸಿನ ರಸ ಲೋಟಗಟ್ಟಲೆ ಕುಡಿಯಬೇಡಿ, ಅಷ್ಟೇ. ಅದನ್ನು ಯಾರು ಕುಡಿಯುತ್ತಾರೋ ಗೊತ್ತಿಲ್ಲ.

ಉಪ್ಪಿನ ಮಾತು ಬಂತಲ್ಲ. ಹಿಮಾಲಯದ ತಪ್ಪಲಲ್ಲಿ ಒಂದು ಕಾಲಕ್ಕೆ ಊರಿಗೆ ಊರೇ ಗಳಗಂಡ. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಗಾರರು 1956ರಿಂದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ನೋಡಿದರು, ಗಳಗಂಡ ಇಳಿಯಿತು. ಕೇಂದ್ರ ಸರ್ಕಾರ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ನಾವು ಈಗ ಯೋಚಿಸದೆ ಹಾಕುವ ಪುಡಿ ಉಪ್ಪಿನ ಹಿಂದೆ ಅಷ್ಟು ಕಥೆ ಇದೆ. ಈಗ ಸೈಂಧವ ಲವಣ ಒಳ್ಳೆಯದು ಅಂತ ಮನೆಮಂದಿಯೆಲ್ಲ ಅದಕ್ಕೇ ಹೋಗುತ್ತಿದ್ದಾರೆ. ಅಯೋಡಿನ್ ಸೇರಿಸಿದ್ದು ಅಂತ ಪ್ಯಾಕೆಟ್ ಮೇಲೆ ಇದೆಯೇ ನೋಡಿ. ಹಾಗಂತ ಹಶಿಮೋಟೊ ಇರುವವರು ಉಪ್ಪು ಜಾಸ್ತಿ ತಿಂದರೆ ವಾಸಿಯಾಗುವುದಿಲ್ಲ, ಬಿಪಿ ಏರುತ್ತದೆ.

ಮೂಡಬಿದಿರೆ ಮಲ್ಲಿಗೆ (9:05)

ಡಾಕ್ಟ್ರೇ, ನಾನು 2 ತಿಂಗಳ ಗರ್ಭಿಣಿ. 50ರ ಮಾತ್ರೆ ತಗೊಳ್ತಿದ್ದೆ. ಬಸುರಿಯರು ಯಾವ ಮಾತ್ರೆಯೂ ತಿನ್ನಬಾರದು ಅಂತ ಅಮ್ಮ ಎತ್ತಿಟ್ಟಿದ್ದಾರೆ. ಒಂದು ವಾರ ಆಯ್ತು.

ನಿವೃತ್ತ ಡಾಕ್ಟರ್ (9:11)

ತಾಯಿ, ಆ ಡಬ್ಬಿ ಈಗಲೇ ವಾಪಸು ತಗೊಳ್ಳಿ. ನಾಳೆ ಬೆಳಿಗ್ಗೆಯಿಂದ ಶುರು ಮಾಡಿ, ನಾಳೆಯೇ ನಿಮ್ಮ ಡಾಕ್ಟರನ್ನು ನೋಡಿ. ಮೊದಲ ಮೂರು ತಿಂಗಳು ಮಗು ತನ್ನ ಥೈರಾಕ್ಸಿನ್‌ಗೆ ನಿಮ್ಮನ್ನೇ ನಂಬಿಕೊಂಡಿರುತ್ತದೆ. ಮಿದುಳು ಬೆಳೆಯುವ ಕಾಲ ಅದು. ಬಸುರಿಯಲ್ಲಿ ಈ ಮಾತ್ರೆ ನಿಲ್ಲಿಸುವುದಿಲ್ಲ, ಸಾಮಾನ್ಯವಾಗಿ ನೂರಕ್ಕೆ 25-30ರಷ್ಟು ಹೆಚ್ಚೇ ಬೇಕಾಗುತ್ತದೆ. ನಾಲ್ಕು ವಾರಕ್ಕೊಮ್ಮೆ ರಕ್ತ ನೋಡುತ್ತಾರೆ. ಅಮ್ಮನಿಗೆ ಇದನ್ನು ಓದಿ ಹೇಳಿ. ಗಾಬರಿ ಬೇಡ, ಆದರೆ ತಡ ಮಾಡಬೇಡಿ.

ಔಷಧಿ ಅಂಗಡಿ (9:20)

ತಂಗಿ, ಮುಂದೆ ನಿಮಗೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಎರಡೂ ಕೊಡ್ತಾರೆ. ಎಲ್ಲವನ್ನೂ ಒಟ್ಟಿಗೆ ಅಂಗೈಗೆ ಸುರಿದು ನುಂಗಬೇಡಿ. ಬೆಳಿಗ್ಗೆ ಥೈರಾಯ್ಡ್, ಮಧ್ಯಾಹ್ನ ಒಂದು, ರಾತ್ರಿ ಒಂದು.

ಮೂಡಬಿದಿರೆ ಮಲ್ಲಿಗೆ (ಬುಧವಾರ, ಮಧ್ಯಾಹ್ನ 1:30)

ಹೋಗಿ ಬಂದೆ. ರಕ್ತ ತೆಗೆದಿದ್ದಾರೆ, ಮಾತ್ರೆ ಜಾಸ್ತಿ ಮಾಡಿದ್ದಾರೆ. ಅಮ್ಮನೇ ಜೊತೆಗೆ ಬಂದಿದ್ದರು. ಥ್ಯಾಂಕ್ಸ್ ಡಾಕ್ಟ್ರೇ.

ಸ್ಲಿಮ್ ಆಗ್ಬೇಕು (3:15)

ನನ್ನ ಟಿಎಸ್‌ಎಚ್ 2.5, ಆದರೂ ತೂಕ ಇಳೀತಿಲ್ಲ. 50ರ ಬದಲು ನಾನೇ 100 ತಗೊಂಡರೆ ಇಳಿಯುತ್ತಾ? ಜಿಮ್‌ನಲ್ಲಿ ಒಬ್ಬರು ಹಾಗೆ ಮಾಡ್ತಾರಂತೆ.

ನಿವೃತ್ತ ಡಾಕ್ಟರ್ (3:40)

ಬೇಡ. ಸ್ನಾಯು ಕರಗುತ್ತದೆ, ಮೂಳೆ ಸವೆಯುತ್ತದೆ, ಹೃದಯದ ಬಡಿತ ತಾಳ ತಪ್ಪುತ್ತದೆ. 2.5 ಇದ್ದಮೇಲೆ ತೂಕಕ್ಕೆ ಥೈರಾಯ್ಡ್ ಅನ್ನು ದೂರಬೇಡಿ.

ಪ್ಯಾಕೇಜ್ ಚೆಕಪ್ (7:22)

ಆಫೀಸಿನವರು ಮಾಡಿಸಿದ ಚೆಕಪ್‌ನಲ್ಲಿ ನನ್ನದು 6.1 ಬಂತು. ವಯಸ್ಸು 36, ಗಂಡಸು, ಏನೂ ತೊಂದರೆ ಇಲ್ಲ. ಜೀವನಪೂರ್ತಿ ಮಾತ್ರೆನಾ?

ನಿವೃತ್ತ ಡಾಕ್ಟರ್ (8:00)

ಒಂದೇ ರಿಪೋರ್ಟ್ ನೋಡಿ ತೀರ್ಮಾನ ಮಾಡುವುದಿಲ್ಲ. ಜ್ವರ ಬಂದು ಹೋದಮೇಲೂ ಏರುಪೇರಾಗುತ್ತದೆ. ಎರಡು ಮೂರು ತಿಂಗಳು ಬಿಟ್ಟು ಟಿಎಸ್‌ಎಚ್ ಜೊತೆ ಟಿ4 ಮಾಡಿಸಿ. 10ರ ಒಳಗೆ ಇದ್ದು, ಟಿ4 ಸರಿ ಇದ್ದು, ತೊಂದರೆಯೂ ಇಲ್ಲದಿದ್ದರೆ ಎಷ್ಟೋ ಸಲ ಸುಮ್ಮನೆ ನೋಡುತ್ತಾ ಇರುತ್ತೇವೆ.

ಬೆಣ್ಣೆದೋಸೆ (8:30)

ಕಾಫಿ ಬಿಟ್ಟು ಒಂದು ಗಂಟೆ ಕೂರೋಕೆ ಆಗದವರಿಗೆ ನಮ್ಮ ಮನೆಯ ಉಪಾಯ: ನಮ್ಮವಳು ರಾತ್ರಿ ತಗೊಳ್ತಾಳೆ. ಏಳೂವರೆಗೆ ಊಟ, ಹತ್ತೂಮುಕ್ಕಾಲಿಗೆ ಮಾತ್ರೆ. ಡಾಕ್ಟರ್ ಒಪ್ಪಿದಮೇಲೇ ಬದಲಿಸಿದ್ದು.

ನಿವೃತ್ತ ಡಾಕ್ಟರ್ (8:44)

ಸರಿಯಾದ ಉಪಾಯ. ಊಟವಾಗಿ ಮೂರು ಗಂಟೆ ಕಳೆದಿರಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದರು, 2010ರಲ್ಲಿ ಪ್ರಕಟವಾಯಿತು. ರಾತ್ರಿ ತಗೊಂಡವರ ಟಿಎಸ್‌ಎಚ್ ಇನ್ನೂ ಚೆನ್ನಾಗಿ ಇಳಿದಿತ್ತು. ಆದರೆ ಹತ್ತು ಗಂಟೆಗೆ ಅನ್ನ ಸಾರು ಉಂಡು ಹಾಗೇ ಮಲಗುವವರಿಗೆ ಇದು ಆಗದು.

ಔಷಧಿ ಅಂಗಡಿ (9:02)

ಡಬ್ಬಿ ಎಲ್ಲಿಡ್ತೀರಿ ಅನ್ನೋದೂ ಮುಖ್ಯ. ಒಲೆ ಮೇಲಿನ ಗೂಡಿನಲ್ಲಿ, ಕಾಫಿಪುಡಿ ಡಬ್ಬದ ಪಕ್ಕ ಇಟ್ಟಿರ್ತಾರೆ, ನೆನಪಿರಲಿ ಅಂತ. ಬಿಸಿ, ಆವಿ ಎರಡೂ ಆಗಲ್ಲ ಈ ಮಾತ್ರೆಗೆ. ಮಲೆನಾಡಿನ ಮಳೆಗಾಲದಲ್ಲಂತೂ ಮುಚ್ಚಳ ಬಿಗಿ ಇರಲಿ. ಒಳಗಿರೋ ತೇವ ಹೀರೋ ಪೊಟ್ಟಣ ಬಿಸಾಡಬೇಡಿ. ಮತ್ತೆ ಕಂಪನಿ ಪದೇ ಪದೇ ಬದಲಿಸಬೇಡಿ. ಬದಲಿಸಲೇಬೇಕಾದರೆ, ಬದಲಿಸಿ ಎರಡು ತಿಂಗಳಾದಮೇಲೆ ಒಂದು ಸಲ ರಕ್ತ ನೋಡಿಸಿ.

ನಿವೃತ್ತ ಡಾಕ್ಟರ್ (9:30)

ಮಾತ್ರೆ ನುಂಗೋಕೆ ಬೇಜಾರು ಅನ್ನುವವರಿಗೆ ಒಂದು ಕಥೆ ಹೇಳಿ ಮಲಗುತ್ತೇನೆ. ಇಂಗ್ಲೆಂಡಿನಲ್ಲಿ 1891ರಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯ, ಈ ಕಾಯಿಲೆಯಿಂದ ಊದಿಕೊಂಡು ಮಂಕಾಗಿದ್ದ 46 ವರ್ಷದ ಹೆಂಗಸಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ಸೂಜಿಯಲ್ಲಿ ಕೊಟ್ಟ. ಆಕೆ ಚೇತರಿಸಿಕೊಂಡಳು. ಮುಂದೆ ಬಾಯಿಯಲ್ಲೇ ಕುಡಿಯುತ್ತಾ ಇನ್ನೂ 28 ವರ್ಷ ಬದುಕಿದಳು. ಅಷ್ಟಕ್ಕೆ ಬೇಕಾದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ.

ಹುಬ್ಬಳ್ಳಿ ಗಿರಮಿಟ್ (9:34)

870 ಕುರಿ! ನಾದಿನಿಗೆ ಈಗಲೇ ಕಳಿಸ್ತೀನಿ ಇದನ್ನ.

ಕಾಫಿತೋಟ (ಒಂಬತ್ತು ವಾರದ ನಂತರ, ಭಾನುವಾರ ಸಂಜೆ 4:20)

ಎಲ್ಲರಿಗೂ ಮತ್ತೆ ನಮಸ್ಕಾರ. ರಿಪೋರ್ಟ್ ಬಂತು. 2.9. ಅದೇ 75.

ಮಾತ್ರೆ ಡಬ್ಬಿಯನ್ನು ಹಾಸಿಗೆ ಪಕ್ಕ ನೀರಿನ ಚೊಂಬಿನ ಜೊತೆ ಇಟ್ಟೆ. ಐದಕ್ಕೆ ಅಲಾರಂ, ನುಂಗಿ ಮತ್ತೆ ಮಲಗು. ಆರಕ್ಕೆ ಕಾಫಿ. ಕ್ಯಾಲ್ಸಿಯಂ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ. ಮೊದಲ ಎರಡು ವಾರ ಅತ್ತೆಗೆ ಬೇಜಾರು, ನಾನು ಬೇಕಂತಲೇ ತಪ್ಪಿಸಿಕೊಳ್ತಿದ್ದೀನಿ ಅಂದುಕೊಂಡರು. ಆಮೇಲೆ ಅವರೇ ಡಿಕಾಕ್ಷನ್ ಮೇಲೆ ತಟ್ಟೆ ಮುಚ್ಚಿ "ಗಂಟೆ ಎಷ್ಟಾಯ್ತು ನೋಡು" ಅನ್ನೋಕೆ ಶುರು ಮಾಡಿದರು. ಐದನೇ ವಾರದ ಹೊತ್ತಿಗೆ ಆರನೇ ಪೀರಿಯಡ್‌ನಲ್ಲೂ ಬೋರ್ಡ್ ತುಂಬ ಬರೆದೆ. ಕೂದಲು ಮಾತ್ರ ಇನ್ನೂ ಉದುರುತ್ತಿದೆ, ಸ್ವಲ್ಪ ಕಡಿಮೆ.

ಇನ್ನೊಂದು ವಿಷಯ. ಡಾಕ್ಟರ್ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು, ಏಪ್ರಿಲ್ ಸೆಕೆ, ಜೊತೆಗೆ ಬಂದಿದ್ದ ಅತ್ತೆ ಸ್ವೆಟರ್ ಹಾಕಿಕೊಂಡು ಸೆರಗು ಹೊದ್ದು ಕೂತಿದ್ದರು. ಡಾಕ್ಟರ್ ನನ್ನ ರಿಪೋರ್ಟ್ ಬಿಟ್ಟು ಅವರನ್ನೇ ನೋಡಿದರು. "ಅಮ್ಮಾ, ನಿಮಗೆ ಯಾವಾಗಲೂ ಚಳಿನಾ?" ನಾವೆಲ್ಲ ವಯಸ್ಸಾಯ್ತಲ್ಲ ಅಂದುಕೊಂಡಿದ್ದೆವು. ಟಿಎಸ್‌ಎಚ್ 18! 70 ವರ್ಷ, ಹೃದಯಕ್ಕೆ ಸ್ಟೆಂಟ್ ಹಾಕಿದೆ. ಅದಕ್ಕೇ 12.5ರಿಂದ ಮೆಲ್ಲಗೆ ಶುರು ಮಾಡಿದ್ದಾರೆ.

ಈಗ ನಮ್ಮನೆಯಲ್ಲಿ ಇಬ್ಬರೂ ಐದರಿಂದ ಆರರವರೆಗೆ ಫಿಲ್ಟರ್ ನೋಡಿಕೊಂಡು ಕೂತಿರ್ತೀವಿ.

ಬೆಣ್ಣೆದೋಸೆ (4:26)

ಮಾವನವರು?

ಕಾಫಿತೋಟ (4:27)

ಅವರು ಎದುರಿಗೇ ಕೂತು ಸೊರ್ ಅಂತ ಕುಡೀತಾರೆ.